ಚೀಟಿಯೂ ಬೀಗದ ಕೈಯೂ: ಪಾಸ್ಕಲ್ ಭಾಷೆಯಲ್ಲಿ ಪರೋಕ್ಷ ಕರೆಯ ಕಥೆ

ಇರ್ವಿಂಗಿನಲ್ಲಿ ಕಂಪ್ಯೂಟರಿನ ಅನ್ನ ಉಣ್ಣದ ಕನ್ನಡಿಗರ ಮನೆಯನ್ನು ಹುಡುಕಬೇಕಾದರೆ ಹಗಲಿನಲ್ಲಿ ದೀಪ ಹಿಡಿದು ಹೊರಡಬೇಕು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಆದರೂ ನಮ್ಮಂಥ ಸಂಘಗಳ ಪತ್ರಿಕೆಗಳಲ್ಲಿ ಇತಿಹಾಸ ಎಂದರೆ ಕದಂಬರು, ಹೊಯ್ಸಳರು, ಹಂಪೆ; ಅಲ್ಲಿಗೆ ಮುಗಿಯಿತು. ಅವು ಬೇಡವೆಂದಲ್ಲ. ಆದರೆ ನಮ್ಮ ಸಂಸಾರಗಳನ್ನು ಏಳು ಸಮುದ್ರ ದಾಟಿಸಿ ಇಲ್ಲಿಗೆ ತಂದ ವಿದ್ಯೆಗೂ ಒಂದು ಇತಿಹಾಸವಿದೆ, ಅದರಲ್ಲಿ ವಾದವಿವಾದಗಳಿವೆ, ಹಟಗಳಿವೆ, ಕಳ್ಳದಾರಿಗಳೂ ಇವೆ. ಅಂಥ ಒಂದು ಸಣ್ಣ ಪ್ರಸಂಗವನ್ನು ಈ ಸಲ ಹೇಳಲು ಹೊರಟಿದ್ದೇವೆ. ಆ ಕೆಲಸ ಮಾಡದ ಗೃಹಿಣಿಯರೂ ಹಿರಿಯರೂ ಪುಟ ತಿರುವಿಬಿಡಬಾರದು. ವಿಷಯ ಅಡುಗೆಮನೆಯಿಂದಲೇ ಆರಂಭವಾಗುತ್ತದೆ.

ಕಂಪ್ಯೂಟರಿಗೆ ಕೊಡುವ ಆದೇಶಗಳ ಒಂದು ಕಟ್ಟನ್ನು ಪ್ರೊಸೀಜರು ಎನ್ನುತ್ತಾರೆ. ಅಡುಗೆಯ ಪುಸ್ತಕದಲ್ಲಿ ಪಾಯಸದ ವಿಧಾನ ಇದ್ದ ಹಾಗೆ. ಬೇಕಾದಾಗ ಅದರ ಹೆಸರು ಹೇಳಿ ಕರೆದರೆ ಆ ಆದೇಶಗಳೆಲ್ಲ ನಡೆದು, ಕರೆದವನ ಬಳಿಗೆ ನಿಯಂತ್ರಣ ಹಿಂದಿರುಗುತ್ತದೆ. ಇದು ನೇರ ಕರೆ. ಇನ್ನೊಂದು ಬಗೆಯಿದೆ. ಯುಗಾದಿ ಊಟದ ದಿನ ಬಾಡಿಗೆ ಹಾಲಿನ ಅಡುಗೆಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ, "ಪಾಯಸಕ್ಕೆ ಈ ಚೀಟಿಯಲ್ಲಿರುವ ನಂಬರಿಗೆ ಫೋನು ಮಾಡುವುದು" ಎಂದು ಹೇಳಿಬಿಟ್ಟರೆ, ಚೀಟಿಯನ್ನು ಓದುವವನಿಗೆ ಪಾಯಸ ಮಾಡುವವರು ಯಾರೆಂದು ಮೊದಲೇ ತಿಳಿದಿರಬೇಕಾಗಿಲ್ಲ. ಬೆಳಿಗ್ಗೆ ಚೀಟಿಯಲ್ಲಿ ಒಬ್ಬರ ನಂಬರು ಇದ್ದೀತು, ಮಧ್ಯಾಹ್ನ ಮತ್ತೊಬ್ಬರದು. ಇದು ಪರೋಕ್ಷ ಕರೆ. ಆ ಚೀಟಿಯೇ ಪಾಯಿಂಟರು, ಅಂದರೆ ಮೆಮೊರಿಯಲ್ಲಿ ಪ್ರೊಸೀಜರು ಇರುವ ಜಾಗದ ವಿಳಾಸ.

ಇದರ ಉಪಯೋಗ ದೊಡ್ಡದು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಮು ಬರೆದವನು ನಾಳೆ ವಯಸ್ಸಿನ ಪ್ರಕಾರ ಜೋಡಿಸಬೇಕೆಂದರೆ ಎಲ್ಲವನ್ನೂ ಪುನಃ ಬರೆಯಬೇಕಿಲ್ಲ. "ಎರಡನ್ನು ಹೋಲಿಸುವ ಕೆಲಸಕ್ಕೆ ಈ ಚೀಟಿಯವರನ್ನು ಕೇಳು" ಎಂದರೆ ಸಾಕು. ಇಂದು ಫೋನಿನ ಗಾಜಿನ ಮೇಲೆ ನಾವು ಬೆರಳಿಟ್ಟರೆ ನಡೆಯುವುದೂ ಇದೇ. ಬೆರಳು ತಾಗಿದರೆ ಯಾರನ್ನು ಕರೆಯಬೇಕೆಂಬ ಚೀಟಿ ಆ ಗುಂಡಿಯ ಬೆನ್ನಿಗೆ ಅಂಟಿರುತ್ತದೆ.

ಇಷ್ಟು ಸುಲಭವಾಗಿದ್ದರೆ ಇತಿಹಾಸವೇ ಇರುತ್ತಿರಲಿಲ್ಲ. ಪಾಯಸದ ವಿಧಾನದಲ್ಲಿ "ಅಟ್ಟಣೆಯ ಮೇಲಿನ ಎರಡನೆಯ ಡಬ್ಬಿಯಿಂದ ಒಂದು ಪಾವು ಶಾವಿಗೆ" ಎಂದು ಬರೆದಿದೆ ಎನ್ನಿ. ಯಾರ ಮನೆಯ ಅಟ್ಟಣೆ? ಬರೆದವರ ಮನೆಯದು. ಆ ವಿಧಾನವನ್ನು ಮಾತ್ರ ಮತ್ತೊಬ್ಬರಿಗೆ ಕಳುಹಿಸಿದರೆ ಅವರ ಎರಡನೆಯ ಡಬ್ಬಿಯಲ್ಲಿ ಮೆಣಸಿನಪುಡಿ ಇರಬಹುದು. ಆದ್ದರಿಂದ ವಿಧಾನದ ಚೀಟಿಯ ಜೊತೆಗೆ ಬರೆದವರ ಮನೆಯ ಬೀಗದ ಕೈಯನ್ನೂ ಕಳುಹಿಸಬೇಕು. ಎರಡು ವಸ್ತು, ಒಂದಲ್ಲ. ಮತ್ತೂ ಒಂದು ತೊಡಕು: ಚೀಟಿ, ಕೈ ಎರಡೂ ತಲುಪುವ ಹೊತ್ತಿಗೆ ಆ ಅಪಾರ್ಟ್‌ಮೆಂಟಿನ ಲೀಸು ಮುಗಿದು ಬೇರೆಯವರು ಬಂದು ಸೇರಿದ್ದರೆ? ಬೀಗ ತೆರೆಯುತ್ತದೆ, ಅಟ್ಟಣೆಯೂ ಇರುತ್ತದೆ, ಆದರೆ ಡಬ್ಬಿ ಇನ್ನೊಬ್ಬರದು. ಪಾಸ್ಕಲ್‌ನ ಇಡೀ ಜಗಳ ಈ ಬೀಗದ ಕೈಯ ಮೇಲೆ ನಡೆದದ್ದು.

1960ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ 13 ಮಂದಿ ವಿದ್ವಾಂಸರು ಸೇರಿ ಆಲ್ಗಾಲ್ 60 ಎಂಬ ಭಾಷೆಗೆ ರೂಪ ಕೊಟ್ಟರು. ಅದರಲ್ಲಿ ಒಂದು ಪ್ರೊಸೀಜರಿನ ಒಳಗೆ ಮತ್ತೊಂದನ್ನು ಬರೆಯಬಹುದು. ಒಳಗಿನದು ಹೊರಗಿನದರ ಡಬ್ಬಿಗಳನ್ನು ಧಾರಾಳವಾಗಿ ಬಳಸಬಹುದು. ಒಂದು ಪ್ರೊಸೀಜರನ್ನು ಇನ್ನೊಂದರ ಕೈಗೆ ಒಪ್ಪಿಸಲೂಬಹುದು. ಕಾಗದದ ಮೇಲೆ ಸೊಗಸು. ಯಂತ್ರದಲ್ಲಿ ನಡೆಸುವವರು ಯಾರು? ಆಮ್‌ಸ್ಟರ್‌ಡ್ಯಾಮಿನ ಗಣಿತಕೇಂದ್ರದಲ್ಲಿ ಎಡ್ಸ್‌ಖರ್ ಡೈಕ್‌ಸ್ಟ್ರಾ ಮತ್ತು ಯಾಪ್ ಜೊನ್ನೆವೆಲ್ಡ್ ಅದೇ ವರ್ಷದ ಆಗಸ್ಟಿನಲ್ಲಿ ಎಕ್ಸ್1 ಯಂತ್ರಕ್ಕೆ ಕಂಪೈಲರು ಬರೆದು ಮುಗಿಸಿದರು. ಪ್ರೊಸೀಜರನ್ನು ಕರೆದಾಗಲೆಲ್ಲ ಅದರ ಡಬ್ಬಿಗಳಿಗೆ ಮೆಮೊರಿಯಲ್ಲಿ ತಟ್ಟೆಯ ಮೇಲೆ ತಟ್ಟೆ ಇಟ್ಟ ಹಾಗೆ ಜಾಗ ಕೊಡುವುದು, ಕೆಲಸ ಮುಗಿದೊಡನೆ ಮೇಲಿನ ತಟ್ಟೆಯನ್ನು ತೆಗೆದುಬಿಡುವುದು, ಇದು ಅವರ ಕ್ರಮ. ಪ್ರೊಸೀಜರನ್ನು ಕೈಯಿಂದ ಕೈಗೆ ದಾಟಿಸುವಾಗ ವಿಳಾಸದ ಜೊತೆ "ಇದರ ಡಬ್ಬಿಗಳು ಇಂಥ ತಟ್ಟೆಯಲ್ಲಿವೆ" ಎಂಬ ಗುರುತೂ ಹೋಗಬೇಕು.

ಎಲ್ಲ ಕಂಪೈಲರುಗಳೂ ಇಷ್ಟು ನೇಮದಿಂದ ಇರಲಿಲ್ಲ. ಆದ್ದರಿಂದ 1964ರಲ್ಲಿ ಡೊನಾಲ್ಡ್ ಕ್ನೂತ್ ಒಂದು ಪುಟ್ಟ ಪ್ರೋಗ್ರಾಮು ಬರೆದು, ಗಂಡಸರ ಕಂಪೈಲರು ಯಾವುದು, ಹುಡುಗರದು ಯಾವುದು ಎಂದು ಇದರಿಂದ ತಿಳಿಯುತ್ತದೆ ಎಂದು ಸವಾಲು ಹಾಕಿದರು. ಒಳಗಿನ ಪ್ರೊಸೀಜರು ತನ್ನನ್ನೇ ತಾನು ಪುನಃ ಪುನಃ ದಾಟಿಸುತ್ತಾ ಹೋಗುತ್ತದೆ. ಒಂದು ಕಡೆ ಬೀಗದ ಕೈ ಅದಲುಬದಲಾದರೂ ಉತ್ತರ ಕೆಡುತ್ತದೆ. 10 ಎಂಬ ಸಂಖ್ಯೆ ಕೊಟ್ಟು ನಡೆಸಿದರೆ ಉತ್ತರ ಮೈನಸ್ 121 ಇರಬೇಕೆಂದು ಕ್ನೂತ್ ಊಹಿಸಿದ್ದರು. ನೇಮದ ಕಂಪೈಲರುಗಳು ಕೊಟ್ಟ ಸರಿಯಾದ ಉತ್ತರ ಮೈನಸ್ 67. ಪ್ರಶ್ನೆಪತ್ರಿಕೆ ತೆಗೆದ ಮೇಷ್ಟರೇ ಲೆಕ್ಕ ತಪ್ಪಿದರೆ ಮಕ್ಕಳಿಗೆ ಎಷ್ಟು ಸಂತೋಷವಾಗುತ್ತದೋ, ಅಷ್ಟು ಸಂತೋಷ ಈ ಕಥೆ ಹೇಳುವಾಗ ನಮಗೂ ಆಗುತ್ತದೆ.

ಇನ್ನು ಪಾಸ್ಕಲ್. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ ಅಮೆರಿಕದ ಬರ್ಕ್ಲಿಯಲ್ಲಿ ಡಾಕ್ಟರೇಟು ಪಡೆದು, ಸ್ಟ್ಯಾನ್‌ಫರ್ಡಿನಲ್ಲಿ ಪಾಠ ಹೇಳಿ, ತಮ್ಮ ದೇಶಕ್ಕೆ ಹಿಂದಿರುಗಿ ಜ್ಯೂರಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನೆಲೆಸಿದವರು. (ಹಿಂದಿರುಗಿ ಹೋದವರ ಹೆಸರು ಬಂದಾಗ ನಾವೆಲ್ಲ ಸ್ವಲ್ಪ ಕಿವಿ ನಿಮಿರಿಸುವುದು ಸಹಜ.) ಆಲ್ಗಾಲಿನ ಭಾರವಿಲ್ಲದ, ವಿದ್ಯಾರ್ಥಿಗಳಿಗೆ ಶಿಸ್ತು ಕಲಿಸುವ ಭಾಷೆಯೊಂದು ಅವರಿಗೆ ಬೇಕಿತ್ತು. 1970ರಲ್ಲಿ ಕಂಪೈಲರು ಸಿದ್ಧವಾಯಿತು. 17ನೆಯ ಶತಮಾನದ ಫ್ರೆಂಚ್ ಗಣಿತಜ್ಞನ ಹೆಸರನ್ನು ಭಾಷೆಗೆ ಇಟ್ಟರು.

ಪಾಸ್ಕಲ್‌ನಲ್ಲಿ ಪಾಯಿಂಟರುಗಳಿವೆ. ಆದರೆ ಅವು ಹೊಸದಾಗಿ ಕೇಳಿ ಪಡೆದ ಮೆಮೊರಿಯ ಕಡೆಗೆ ಮಾತ್ರ ಬೆರಳು ತೋರಬಲ್ಲವು. ಇದ್ದ ವಸ್ತುವಿನ ವಿಳಾಸ ಕೇಳುವ ಚಿಹ್ನೆಯೇ ಭಾಷೆಯಲ್ಲಿಲ್ಲ. ಪ್ರೊಸೀಜರಿನ ವಿಳಾಸವಂತೂ ದೂರದ ಮಾತು. ಒಂದು ಪ್ರೊಸೀಜರನ್ನು ಇನ್ನೊಂದರ ಕೈಗೆ ಒಪ್ಪಿಸಬಹುದು, ಆದರೆ ಡಬ್ಬಿಯಲ್ಲಿ ತುಂಬಿ ನಾಳೆಗೆ ಇಟ್ಟುಕೊಳ್ಳುವಂತಿಲ್ಲ. ಮೇಲುನೋಟಕ್ಕೆ ಇದು ಜಿಪುಣತನ. ಸ್ವಲ್ಪ ಯೋಚಿಸಿದರೆ ಕಾರಣ ಹೊಳೆಯುತ್ತದೆ. ಮನೆಯ ಯಜಮಾನ ಒಳಗೆ ಇರುವ ತನಕ ಅವನು ಯಾರಿಗಾದರೂ ಚೀಟಿ, ಬೀಗದ ಕೈ ಎರಡನ್ನೂ ಕೊಟ್ಟು ಕಳುಹಿಸಲಿ. ಕೆಲಸ ಮುಗಿಸಿ ಅವರು ಹಿಂದಿರುಗುವವರೆಗೆ ಅವನು ಮನೆ ಖಾಲಿ ಮಾಡುವುದಿಲ್ಲ, ತಟ್ಟೆ ತೆಗೆಯುವುದಿಲ್ಲ. ಆದರೆ ಕೈಯನ್ನು ಜೇಬಿಗೆ ಹಾಕಿಕೊಂಡು ಮುಂದೊಂದು ದಿನ ಬಳಸಲು ಬಿಟ್ಟರೆ ಲೀಸು ಮುಗಿದ ಮನೆಗೆ ನುಗ್ಗಿದಂತೆ. ವಿರ್ತ್ ಮೊದಲನೆಯದನ್ನು ಒಪ್ಪಿದರು, ಎರಡನೆಯದಕ್ಕೆ ಬಾಗಿಲು ಮುಚ್ಚಿದರು. ಇದು ಬಲು ಅಚ್ಚುಕಟ್ಟಾದ ಗೆರೆ ಎಂದೇ ನಮ್ಮ ಅಭಿಪ್ರಾಯ.

ಹಾಗೆಂದು ಆ ಶಿಸ್ತಿನ ಮನೆಗೂ ಹಿತ್ತಲ ಬಾಗಿಲೊಂದು ತೆರೆದೇ ಇತ್ತು. ಒಪ್ಪಿಸಿದ ಪ್ರೊಸೀಜರಿಗೆ ಎಷ್ಟು ಸಾಮಾನು, ಯಾವ ಬಗೆಯ ಸಾಮಾನು ಬೇಕೆಂದು ಮೊದಲ ಪಾಸ್ಕಲ್‌ನಲ್ಲಿ ಬರೆಯುವ ಕಟ್ಟಳೆಯೇ ಇರಲಿಲ್ಲ. ಎರಡು ಸಂಖ್ಯೆ ಬೇಡುವವನಿಗೆ ಒಂದೇ ಕೊಟ್ಟರೂ ಕಂಪೈಲರು ತಲೆಯಾಡಿಸುತ್ತಿತ್ತು. ಪೂರ್ತಿ ಪಟ್ಟಿ ಬರೆಯಲೇಬೇಕೆಂದು ವಿಧಿಸಿದ್ದು 1983ರ ಅಂತಾರಾಷ್ಟ್ರೀಯ ಮಾನಕ, ಐಎಸ್‌ಒ 7185.

ಈಗ ನಮ್ಮ ಟೆಕ್ಸಾಸಿಗೆ ಬರೋಣ. ಜ್ಯೂರಿಕ್ಕಿನಲ್ಲಿ ಈ ವಿಚಾರ ಭಾಷೆಯ ವ್ಯಾಕರಣದಲ್ಲಿ ನಡೆಯುತ್ತಿದ್ದಾಗ, ಇಲ್ಲಿ ಅದೇ ಎರಡು ವಸ್ತುಗಳ ಸಂಗತಿಯನ್ನು ಸಿಲಿಕಾನಿನಲ್ಲಿ ಕೆತ್ತುತ್ತಿದ್ದರು. ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯ 990 ಎಂಬ ಮಿನಿ ಕಂಪ್ಯೂಟರುಗಳ ಕೈಪಿಡಿಗಳಲ್ಲಿ ಆಸ್ಟಿನ್ನಿನ ವಿಳಾಸವಿರುತ್ತಿತ್ತು. ಅದೇ ಆದೇಶಗಳನ್ನು ನಡೆಸುವ ಟಿಎಂಎಸ್ 9900 ಎಂಬ ಚಿಪ್ಪಿನ ಕೈಪಿಡಿಗಳಲ್ಲಿ ಹ್ಯೂಸ್ಟನ್ನಿನ ವಿಳಾಸ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್: ನಮ್ಮ ಓದುಗರ ಮೂರೂ ಊರುಗಳು ಒಂದೇ ಯಂತ್ರದಲ್ಲಿ ಸೇರಿದ್ದು ಹೀಗೆ.

1976ರ ಆ ಚಿಪ್ಪು ವಿಚಿತ್ರವಾದದ್ದು. ಬೇರೆ ಚಿಪ್ಪುಗಳು ಲೆಕ್ಕ ಮಾಡುವ ರಿಜಿಸ್ಟರುಗಳನ್ನು ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರೆ ಇದು ತನ್ನ 16 ರಿಜಿಸ್ಟರುಗಳನ್ನೂ ಹೊರಗಿನ ಮೆಮೊರಿಯಲ್ಲಿಟ್ಟು, ಅವು ಎಲ್ಲಿವೆ ಎಂಬ ಒಂದು ಪಾಯಿಂಟರನ್ನು ಮಾತ್ರ ಒಳಗೆ ಇಟ್ಟುಕೊಂಡಿತು. ಬಿಎಲ್‌ಡಬ್ಲ್ಯುಪಿ ಎಂಬ ಒಂದು ಆದೇಶ ಅದರಲ್ಲಿತ್ತು. ಅದಕ್ಕೆ ಪ್ರೊಸೀಜರಿನ ವಿಳಾಸವನ್ನು ನೇರವಾಗಿ ಕೊಡುವುದಿಲ್ಲ. ಎರಡು ಪದಗಳಿರುವ ಒಂದು ಜಾಗವನ್ನು ತೋರಿಸಬೇಕು. ಮೊದಲ ಪದ, ಹೊಸ ರಿಜಿಸ್ಟರುಗಳು ಎಲ್ಲಿವೆ ಎಂಬುದು. ಎರಡನೆಯದು, ಆದೇಶಗಳು ಎಲ್ಲಿವೆ ಎಂಬುದು. ಬೀಗದ ಕೈ ಮತ್ತು ಚೀಟಿ! ಹಿಂದಿನ ಎರಡನ್ನೂ, ಜೊತೆಗೆ ಯಂತ್ರದ ಆಗಿನ ಸ್ಥಿತಿಯನ್ನೂ ಹೊಸ ಮನೆಯ 13, 14, 15ನೆಯ ರಿಜಿಸ್ಟರುಗಳಲ್ಲಿ ಬರೆದಿಟ್ಟು ಕೆಲಸಕ್ಕೆ ತೊಡಗುತ್ತದೆ. ಮುಗಿದ ಮೇಲೆ ಆ ಮೂರನ್ನು ಓದಿ, ಬಂದ ದಾರಿಯಲ್ಲೇ ಹಿಂದಕ್ಕೆ. ಹೊರಗಿನಿಂದ ಯಾರಾದರೂ ಬಾಗಿಲು ತಟ್ಟಿದಾಗ, ಅಂದರೆ ಇಂಟರಪ್ಟ್ ಬಂದಾಗ, ಕರೆಯುವುದೂ ಇಂಥದೇ ಎರಡು ಪದಗಳ ಜೋಡಿಯ ಮೂಲಕ.

ಆದರೆ ಡೈಕ್‌ಸ್ಟ್ರಾ ಅವರ ತಟ್ಟೆಯ ರಾಶಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಪ್ರತಿ ಕರೆಗೂ ಹೊಸ ತಟ್ಟೆ. ಇಲ್ಲಿ ಬೀಗದ ಕೈ ಯಾವಾಗಲೂ ಅದೇ ಅಡುಗೆಮನೆಯನ್ನು ತೆರೆಯುತ್ತದೆ. ಒಬ್ಬರು ಒಳಗಿರುವಾಗಲೇ ಅದೇ ಜೋಡಿಯ ಮೂಲಕ ಇನ್ನೊಬ್ಬರು ನುಗ್ಗಿದರೆ 13, 14, 15ರಲ್ಲಿದ್ದ ಹಿಂದಿರುಗುವ ದಾರಿ ಅಳಿಸಿಹೋಗುತ್ತದೆ. ಕ್ನೂತ್ ಅವರ ಪರೀಕ್ಷೆಯಲ್ಲಿ ಈ ಆದೇಶವೊಂದನ್ನೇ ನಂಬಿದರೆ ಫೇಲು. ಕಾರ್ಖಾನೆಯ ಯಂತ್ರಗಳನ್ನು ಥಟ್ಟನೆ ನಿಯಂತ್ರಿಸುವುದಕ್ಕೆ ಮಾತ್ರ ಇದು ಬಹಳ ಒಪ್ಪುವ ಏರ್ಪಾಡಾಗಿತ್ತು. ಅದೇ ಕಂಪೆನಿ 990ಕ್ಕೂ 9900ಕ್ಕೂ ತನ್ನದೇ ಪಾಸ್ಕಲ್‌ಗಳನ್ನು ಹೊರತಂದಿತು. ಲಬ್ಬಕ್ಕಿನಲ್ಲಿ ರೂಪುಗೊಂಡ ಟಿಐ-99/4ಎ ಮನೆ ಕಂಪ್ಯೂಟರಿಗೂ ಒಂದು ಕಾರ್ಡು ಕೊಂಡು ಸಿಕ್ಕಿಸಿದರೆ ಪಾಸ್ಕಲ್ ಬರುತ್ತಿತ್ತು.

ಇಲ್ಲೊಂದು ಪಕ್ಕದ ಮಾತು. 1985ರಲ್ಲಿ ಇದೇ ಕಂಪೆನಿ ಬೆಂಗಳೂರಿನಲ್ಲಿ ಕಚೇರಿ ತೆರೆದು, ಉಪಗ್ರಹದ ಮೂಲಕ ಡಲ್ಲಾಸಿಗೆ ಸಂಪರ್ಕ ಏರ್ಪಡಿಸಿತು. ಅದರ ಸಲಕರಣೆ ಎತ್ತಿನ ಗಾಡಿಯ ಮೇಲೆ ಹೋಗುತ್ತಿರುವ ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿದ್ದೀರಿ. ಬೆಂಗಳೂರಿನವರು ಇಲ್ಲಿಗೆ ಬಂದು ದುಡಿಯುವುದು ಒಂದೇ ದಾರಿಯಾಗಿದ್ದ ಕಾಲ ಅಲ್ಲಿಂದ ಬದಲಾಗತೊಡಗಿತು. ಅದು ಬೇರೆಯೇ ಲೇಖನದ ವಿಷಯ.

1984ರಲ್ಲಿ ಇನ್ನೊಂದು ಸ್ವಾರಸ್ಯದ ಸಂಗತಿ ನಡೆಯಿತು. ತಟ್ಟೆಯ ರಾಶಿಯ ಡೈಕ್‌ಸ್ಟ್ರಾ ಅವರೇ ನೆದರ್ಲೆಂಡ್ಸಿನಿಂದ ಬಂದು ಆಸ್ಟಿನ್ನಿನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು, 1999ರವರೆಗೂ ಅಲ್ಲಿದ್ದರು. ಅದೇ 1984ರಲ್ಲಿ ವಿರ್ತ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಡೈಕ್‌ಸ್ಟ್ರಾ 2002ರಲ್ಲಿ ತಮ್ಮ ತಾಯ್ನಾಡಿನಲ್ಲಿ ತೀರಿಕೊಂಡರು, ವಿರ್ತ್ 2024ರ ಜನವರಿ 1ರಂದು.

ವಿಶ್ವವಿದ್ಯಾಲಯಗಳಲ್ಲಿ ಶಿಸ್ತು ನಡೆಯಿತು. ಮನೆಮನೆಗೆ ಬಂದ ಸಣ್ಣ ಕಂಪ್ಯೂಟರುಗಳಲ್ಲಿ ಅದು ನಡೆಯಲಿಲ್ಲ. ಸ್ಯಾನ್ ಡಿಯೇಗೋದ ವಿಶ್ವವಿದ್ಯಾಲಯದಲ್ಲಿ ಕೆನೆತ್ ಬೌಲ್ಸ್ ಅವರ ತಂಡ ಪಾಸ್ಕಲ್ಲನ್ನು ಸಣ್ಣ ಯಂತ್ರಗಳಿಗೆ ಇಳಿಸುವಾಗ, ಪ್ರೊಸೀಜರನ್ನು ಕೈಗೆ ಒಪ್ಪಿಸುವ ಸೌಕರ್ಯವನ್ನೇ ಮೊದಲಿಗೆ ಬಿಟ್ಟುಬಿಟ್ಟಿತು. 1983ರ ನವೆಂಬರಿನಲ್ಲಿ ಬೋರ್ಲ್ಯಾಂಡ್ ಕಂಪೆನಿ 49 ಡಾಲರು 95 ಸೆಂಟಿಗೆ ಟರ್ಬೋ ಪಾಸ್ಕಲ್ ಮಾರಿತು. ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್ ಬರೆದ ಆ ಕಂಪೈಲರು ಮಿಂಚಿನಂತೆ ಓಡುತ್ತಿತ್ತು. ಅದರ ಮೊದಲ ಆವೃತ್ತಿಗಳಲ್ಲೂ ಆ ಸೌಕರ್ಯವಿಲ್ಲ. ಹೀಗೆ ವಿರ್ತ್ ಅವರು ಅಳತೆ ಮಾಡಿ ಕೊಟ್ಟ ಒಂದು ಪಾವನ್ನೂ ಕಿತ್ತುಕೊಂಡಂತಾಯಿತು. ಹಸಿದವರು ಕಳ್ಳದಾರಿ ಹಿಡಿದರು.

ಟರ್ಬೋ ಪಾಸ್ಕಲ್ ಒಂದು ಕಡೆ ಕಟ್ಟುನಿಟ್ಟು, ಇನ್ನೊಂದು ಕಡೆ ಉದಾರಿ. ಪ್ರೊಸೀಜರಿನ ವಿಳಾಸವನ್ನು ಸಂಖ್ಯೆಯಾಗಿ ಕೇಳಿ ಪಡೆಯಬಹುದಿತ್ತು. ಪ್ರೋಗ್ರಾಮಿನ ನಡುವೆ ಯಂತ್ರದ ಆದೇಶಗಳನ್ನು ಹಸಿಹಸಿಯಾಗಿ ಸೇರಿಸಬಹುದಿತ್ತು. ವಿಳಾಸವನ್ನು ಒಂದು ಡಬ್ಬಿಯಲ್ಲಿಟ್ಟು, ಹದಿನಾರರ ಎಣಿಕೆಯಲ್ಲಿ ಎಫ್‌ಎಫ್, 16 ಎಂಬ ಎರಡು ಬೈಟುಗಳ ಹಿಂದೆ ಆ ಡಬ್ಬಿಯ ಹೆಸರು ಬರೆದರೆ, ಇಂಟೆಲ್ ಚಿಪ್ಪು "ಈ ಡಬ್ಬಿಯಲ್ಲಿರುವ ವಿಳಾಸದವರನ್ನು ಕರೆ" ಎಂದು ಅರ್ಥಮಾಡಿಕೊಳ್ಳುತ್ತಿತ್ತು.

1984ರ ಜನವರಿಯಲ್ಲಿ ಬಂದ ಮ್ಯಾಕಿಂಟಾಶಿನಲ್ಲಿ ಈ ಕಳ್ಳದಾರಿ ಕಲೆಯ ಮಟ್ಟಕ್ಕೇರಿತ್ತು. ಅದರ ಕೈಪಿಡಿಗಳೆಲ್ಲ ಪಾಸ್ಕಲ್‌ನಲ್ಲೇ ಬರೆದವು, ಯಂತ್ರವೋ ಹೆಜ್ಜೆಹೆಜ್ಜೆಗೂ ಪ್ರೊಸೀಜರಿನ ಚೀಟಿ ಬೇಡುವಂಥದು. ಚೀಟಿ ಕೊಡಲು ಒಂದು ಚಿಹ್ನೆ ಸೇರಿಸಿದ್ದರು. ಚೀಟಿ ಕೈಗೆ ಬಂದರೆ ಪಾಸ್ಕಲ್‌ನಿಂದಲೇ ಕರೆಯುವುದು ಹೇಗೆ? ಅದಕ್ಕೆ 205ಎಫ್, 4ಇ90 ಎಂಬ ಎರಡು ಮಂತ್ರಾಕ್ಷರಗಳು. ಕರೆಯುವಾಗ ಪಾಸ್ಕಲ್ ಸಾಮಾನುಗಳನ್ನು ಒಂದರ ಮೇಲೊಂದು ಪೇರಿಸುತ್ತದೆ. ಚೀಟಿಯನ್ನು ಕೊನೆಯ ಸಾಮಾನಾಗಿ ಕೊಟ್ಟರೆ ಅದು ಎಲ್ಲಕ್ಕಿಂತ ಮೇಲೆ ಬಂದು ಕೂರುತ್ತದೆ. ಮೊದಲ ಅಕ್ಷರ ಅದನ್ನು ಎತ್ತಿಕೊಳ್ಳುತ್ತದೆ, ಎರಡನೆಯದು ಅಲ್ಲಿಗೆ ನೆಗೆಯುತ್ತದೆ. ಕೆಳಗಿನ ಸಾಮಾನುಗಳು ಬೇಕಾದ ಕ್ರಮದಲ್ಲೇ ಅಲುಗದೆ ಉಳಿಯುತ್ತವೆ. ನಾಲ್ಕೇ ಬೈಟುಗಳಲ್ಲಿ ಇಷ್ಟು ಚೊಕ್ಕಟವಾದ ಕೆಲಸ ಅಪರೂಪ ಎಂದು ಒಪ್ಪಲೇಬೇಕು.

ಆದರೆ ಈ ಎರಡು ತಂತ್ರಗಳೂ ಕೊಂಡೊಯ್ಯುವುದು ಚೀಟಿಯನ್ನು ಮಾತ್ರ; ಬೀಗದ ಕೈ ಇಲ್ಲ. ಆದ್ದರಿಂದ ಒಳಗೆ ಬರೆದ ಪ್ರೊಸೀಜರುಗಳನ್ನು ಹೀಗೆ ಕರೆಯುವಂತಿಲ್ಲ, ಎಲ್ಲಕ್ಕಿಂತ ಹೊರಗೆ ಬರೆದವನ್ನು ಮಾತ್ರ. ನಿಯಮ ಮರೆತವನನ್ನು ತಡೆಯುವವರಿಲ್ಲ. ಎರಡು ಸಾಮಾನು ಬೇಡುವವನಿಗೆ ಮೂರು ಕೊಟ್ಟರೂ ತಡೆಯುವವರಿಲ್ಲ. ಕಂಪೈಲರಿನ ಕಣ್ಣಿಗೆ ಅವು ಬರೀ ಅಂಕಿಗಳು. ಮ್ಯಾಕಿಂಟಾಶಿನಲ್ಲಿ ಆಗ ಕಾಣಿಸುತ್ತಿದ್ದದ್ದು ಬತ್ತಿ ಹತ್ತಿದ ಬಾಂಬಿನ ಚಿತ್ರ. ತಪ್ಪು ನಡೆದ ಜಾಗವೇ ಬೇರೆ, ಬಾಂಬು ಸಿಡಿಯುವ ಜಾಗವೇ ಬೇರೆ. ಅದನ್ನು ಹುಡುಕುತ್ತಾ ರಾತ್ರಿಗಳನ್ನು ಕಳೆದವರು ನಮ್ಮ ಸಂಘದಲ್ಲೂ ಇದ್ದಾರು.

ಬರೀ ರಾತ್ರಿಯ ನಿದ್ದೆಗೇಡಿಗೆ ಇದು ನಿಲ್ಲುವುದಿಲ್ಲ. ಮೆಮೊರಿಯಲ್ಲಿ ಬರೆದಿಟ್ಟ ವಿಳಾಸವನ್ನು ಬೇರೊಬ್ಬ ಬಂದು ತಿದ್ದಿದರೆ ಯಂತ್ರ ಅವನು ಹೇಳಿದಲ್ಲಿಗೆ ಹೋಗುತ್ತದೆ. ಹಿಂದಿರುಗುವ ದಾರಿಯ ವಿಳಾಸವೂ ಅಂಥದೇ ಒಂದು ಚೀಟಿ ತಾನೇ? 1988ರ ನವೆಂಬರ್ 2ರಂದು ಒಬ್ಬ ವಿದ್ಯಾರ್ಥಿ ಬಿಟ್ಟ ಹುಳುವಿನಂಥ ಪ್ರೋಗ್ರಾಮು ಅಮೆರಿಕದ ಸಾವಿರಾರು ಯಂತ್ರಗಳನ್ನು ಹಿಡಿದು ನಿಲ್ಲಿಸಿತು. ಅದು ಬಳಸಿದ ದಾರಿಗಳಲ್ಲೊಂದು ಇದೇ: ಅಳತೆ ಮೀರಿದ ಮಾತನ್ನು ತುರುಕಿ, ಹಿಂದಿರುಗುವ ಚೀಟಿಯನ್ನು ತಿದ್ದುವುದು. ಆ ಪ್ರೋಗ್ರಾಮುಗಳು ಸಿ ಭಾಷೆಯವು, ಪಾಸ್ಕಲ್‌ನವಲ್ಲ. 1970ರ ದಶಕದ ಮೊದಲಲ್ಲಿ ಬೆಲ್ ಲ್ಯಾಬಿನ ಡೆನಿಸ್ ರಿಚೀ ರೂಪಿಸಿದ ಸಿ, ಪ್ರೊಸೀಜರಿನ ಪಾಯಿಂಟರನ್ನು ಮೊದಲಿನಿಂದಲೂ ಧಾರಾಳವಾಗಿ ಕೊಟ್ಟಿತ್ತು. ಒಂದರೊಳಗೊಂದು ಬರೆಯುವುದನ್ನೇ ಬಿಟ್ಟಿದ್ದರಿಂದ ಅದಕ್ಕೆ ಬೀಗದ ಕೈಯ ಗೊಡವೆಯೂ ಇರಲಿಲ್ಲ. ಉದಾರತೆಯ ಬೆಲೆಯನ್ನು ಬೇರೆ ಕಡೆ ತೆರಬೇಕಾಯಿತು.

ವಿರ್ತ್ ಅವರೂ ಹಟ ಸಡಿಲಿಸಿದರು. 1980ರ ಹೊತ್ತಿಗೆ ಬಂದ ಅವರ ಮಾಡ್ಯುಲಾ-2ರಲ್ಲಿ ಪ್ರೊಸೀಜರನ್ನು ಡಬ್ಬಿಯಲ್ಲಿಡಬಹುದು. ಕರಾರು ಏನೆಂದರೆ ಅದು ಮತ್ತೊಂದರ ಒಳಗಿನದಾಗಿರಬಾರದು. ಎಲ್ಲಕ್ಕಿಂತ ಹೊರಗಿನ ಮನೆ ಎಂದೂ ಖಾಲಿಯಾಗುವುದಿಲ್ಲ, ಆದ್ದರಿಂದ ಕೈಯ ಅಗತ್ಯವಿಲ್ಲ. 1988ರ ಟರ್ಬೋ ಪಾಸ್ಕಲ್ 5.0 ಇದೇ ಕರಾರಿನೊಡನೆ ಪ್ರೊಸೀಜರಿನ ಚೀಟಿಗೆ ಸಕ್ರಮ ಪರವಾನಗಿ ಕೊಟ್ಟಿತು. ಸಾಮಾನುಗಳ ಲೆಕ್ಕವನ್ನು ಇನ್ನು ಕಂಪೈಲರೇ ನೋಡಿಕೊಳ್ಳುತ್ತದೆ. ಎಫ್‌ಎಫ್, 16ರ ಮಂತ್ರವನ್ನು ಮರೆಯಬಹುದಾಯಿತು.

ಬೀಗದ ಕೈ ಹಿಂದಿರುಗಿದ್ದು 1995ರ ಫೆಬ್ರವರಿಯಲ್ಲಿ, ಹೈಲ್ಸ್‌ಬರ್ಗ್ ಅವರೇ ಮುಖ್ಯ ಶಿಲ್ಪಿಯಾಗಿದ್ದ ಡೆಲ್ಫಿಯಲ್ಲಿ. ಕಿಟಕಿಯ ಮೇಲಿನ ಗುಂಡಿ ಒತ್ತಿದಾಗ ಯಾರನ್ನು ಕರೆಯಬೇಕೆಂದು ಹೇಳುವ ಚೀಟಿಯಲ್ಲಿ ಎರಡು ವಿಳಾಸ: ಒಂದು ಆದೇಶಗಳದು, ಇನ್ನೊಂದು ಆ ಆದೇಶಗಳು ಯಾವ ವಸ್ತುವಿನ ಡಬ್ಬಿಗಳನ್ನು ಬಳಸಬೇಕೋ ಅದರದು. ಪಾಸ್ಕಲ್ ಓದಿದವರಿಗೆ ಇದು ಹೊಸತೆನಿಸಿತು. 9900ರ ಕೈಪಿಡಿ ಓದಿದ್ದ ಟೆಕ್ಸಾಸಿನ ಹಳಬರಿಗೆ ಪರಿಚಯದ ಮುಖ ಕಂಡಂತಾಗಿರಬೇಕು. ವಸ್ತು ತಟ್ಟೆಯ ರಾಶಿಯಲ್ಲಿರದೆ ಕೇಳಿ ಪಡೆದ ಮೆಮೊರಿಯಲ್ಲಿರುವುದರಿಂದ, ಯಾರಾದರೂ ಬೇಕೆಂದು ಕೆಡವುವ ತನಕ ಆ ಮನೆ ನಿಂತಿರುತ್ತದೆ. ಮುಂದೆ ಮೈಕ್ರೋಸಾಫ್ಟ್ ಸೇರಿದ ಅವರು 2000ದಲ್ಲಿ ಹೊರಬಂದ ಸಿ-ಶಾರ್ಪಿನಲ್ಲೂ ಇದೇ ಜೋಡಿಯನ್ನು ಇಟ್ಟರು. ಅಲ್ಲಿ ಕೈ ಯಾರ ಬಳಿಯಾದರೂ ಇರುವ ತನಕ ಮನೆಯನ್ನು ಕೆಡವುವುದಿಲ್ಲ, ಅಷ್ಟೇ ವ್ಯತ್ಯಾಸ.

ಟೈಪು ಮಾಡುವವರ ಮೇಲಿನ ಕರುಣೆಯಿಂದ ಪ್ರೋಗ್ರಾಮುಗಳನ್ನು ಇಲ್ಲಿ ಕೊಟ್ಟಿಲ್ಲ. ಕುತೂಹಲವಿದ್ದ ಮಕ್ಕಳು ಫ್ರೀ ಪಾಸ್ಕಲ್ ಎಂಬ ಕಂಪೈಲರನ್ನು ದುಡ್ಡು ಕೊಡದೆ ತರಿಸಿಕೊಳ್ಳಬಹುದು. ಅದಕ್ಕೆ ಐಎಸ್‌ಒ ಮಾನಕದ ಪ್ರಕಾರ ನಡೆಯುವಂತೆ ಹೇಳಿದರೆ ವಿರ್ತ್ ಅವರು ಬಿಟ್ಟುಕೊಟ್ಟಷ್ಟು ಸ್ವಾತಂತ್ರ್ಯ ಸಿಗುತ್ತದೆ, ಒಳಗಿನ ಪ್ರೊಸೀಜರಿನ ಬೀಗದ ಕೈ ಸಮೇತ. ಕ್ನೂತ್ ಅವರ 1964ರ ಸವಾಲನ್ನು ಪಾಸ್ಕಲ್‌ಗೆ ಇಳಿಸಿ 10 ಕೊಟ್ಟು ಓಡಿಸಿ ನೋಡಿ. ಮೈನಸ್ 67 ಬರಬೇಕು.